ಹದಿನಾರು ಚೌಕದೊಳಗಿನ ಮನುಷ್ಯರು

ಗಣಕಯಂತ್ರದ ಆಟಗಳೆಂದರೆ ಕಾಲಹರಣವೆಂದು ಮೂಗು ಮುರಿಯುವವರ ಪೈಕಿ ನಾನಲ್ಲ. ಹಾಗೆಂದು ಅವುಗಳನ್ನು ಆಡುವವನೂ ಅಲ್ಲ. ಆದರೂ ಕಳೆದ ಮಳೆಗಾಲದಲ್ಲಿ ಸುಮಾರು ಎರಡು ತಿಂಗಳು ಅಂಥದೊಂದು ಆಟದ ಪಾತ್ರಗಳನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಧಾರವಾಡದ ಓಣಿಗಳಲ್ಲಿ ತಿರುಗಿ, ಕಂಡಕಂಡವರಿಗೆಲ್ಲ ತೋರಿಸಿ ಅಭಿಪ್ರಾಯ ಕೇಳುವ ಯೋಗ ನನಗೆ ಒದಗಿಬಂತು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಬ್ಬರು ಗೆಳೆಯರೊಡನೆ ರಾತ್ರಿಯ ಹೊತ್ತು ಕುಳಿತು ಮಾಡುತ್ತಿರುವ ಆಟ ಅದು. ನಮ್ಮ ಕಡೆಯ ಒಂದು ವಾರದ ಸಂತೆ. ಅದರಲ್ಲಿ ತಪ್ಪಿಸಿಕೊಂಡ ಮೇಕೆಯೊಂದನ್ನು ಹುಡುಕುವ ಹುಡುಗ. ದಾರಿಯಲ್ಲಿ ಅವನಿಗೆ ಎದುರಾಗುವ ಹನ್ನೆರಡು ಮಂದಿ. ಕಥೆ ಇಷ್ಟೇ.

ಈ ಹನ್ನೆರಡು ಮಂದಿಯನ್ನು ಅವನು ಬರೆದಿದ್ದು ‘ಪಿಕ್ಸೆಲ್ ಆರ್ಟ್’ ಎಂಬ ಪದ್ಧತಿಯಲ್ಲಿ. ಅಗಲಕ್ಕೆ 16 ಚೌಕ, ಎತ್ತರಕ್ಕೆ 24 ಚೌಕ. ಒಂದೊಂದು ಚೌಕಕ್ಕೂ ಒಂದೇ ಬಣ್ಣ, ಇಡೀ ಆಕೃತಿಗೆ ನಾಲ್ಕಕ್ಕಿಂತ ಹೆಚ್ಚು ಬಣ್ಣವಿಲ್ಲ. ಇಂದಿನ ಯಂತ್ರಗಳಿಗೆ ಈ ಬಡತನವೇನೂ ಅನಿವಾರ್ಯವಲ್ಲ. ಲಕ್ಷಗಟ್ಟಲೆ ಚುಕ್ಕೆಗಳನ್ನು ಅವು ಲೀಲಾಜಾಲವಾಗಿ ತೋರಿಸಬಲ್ಲವು. ಬೇಕೆಂದೇ ಒಪ್ಪಿಕೊಂಡ ಕಟ್ಟುಪಾಡು ಇದು, ಛಂದಸ್ಸಿನ ಹಾಗೆ. ಕಸೂತಿ ಬಲ್ಲ ನನ್ನ ಹೆಂಡತಿಗೆ ಇದನ್ನು ವಿವರಿಸಲು ಅರೆಕ್ಷಣವೂ ಹಿಡಿಯಲಿಲ್ಲ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ, ಬಟ್ಟೆಯ ಮೇಲೆ ಗೆರೆ ಎಳೆಯದೆ, ಬರಿಯ ಎಳೆ ಎಣಿಸಿ ಗೋಪುರ, ಪಲ್ಲಕ್ಕಿ, ಆನೆಗಳನ್ನು ಮೂಡಿಸುವ ಕಲೆಯಲ್ಲವೇ ನಮ್ಮದು! ಅಲ್ಲಿ ಆನೆಯ ಬೆನ್ನು ಬಾಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಆದರೂ ನೋಡಿದವರು ಆನೆಯೆಂದೇ ಅನ್ನುತ್ತಾರೆ.

ಯಂತ್ರಗಳು ನಿಜವಾಗಿಯೂ ಬಡವಾಗಿದ್ದ ಕಾಲವೊಂದಿತ್ತು. 1983ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಮನೆಮನೆಗೆ ತಲುಪಿಸಿದ ಆಟದ ಪೆಟ್ಟಿಗೆಯಲ್ಲಿ ಚಲಿಸುವ ಆಕೃತಿಗಳನ್ನು ಎಂಟೆಂಟು ಚೌಕದ ತುಂಡುಗಳಿಂದ ಜೋಡಿಸಬೇಕಾಗಿತ್ತು. ಒಂದೊಂದು ತುಂಡಿಗೂ ಮೂರೇ ಬಣ್ಣ. ಅದಕ್ಕೂ ಎರಡು ವರ್ಷ ಮೊದಲು, 1981ರಲ್ಲಿ, ‘ಡಾಂಕಿ ಕಾಂಗ್’ ಎಂಬ ಆಟಕ್ಕಾಗಿ ಶಿಗೆರು ಮಿಯಾಮೊಟೊ ಒಬ್ಬ ಬಡಗಿಯನ್ನು ಬರೆದರು. ಮುಂದೆ ‘ಮಾರಿಯೋ’ ಎಂದು ಜಗತ್ತಿಗೆಲ್ಲ ಪರಿಚಿತನಾದವನು ಈತನೇ. ಬಾಯಿ ಬರೆಯಲು ಜಾಗವಿರಲಿಲ್ಲ. ದೊಡ್ಡ ಮೂಗಿನ ಕೆಳಗೆ ಮೀಸೆ ಇಟ್ಟರು, ಮುಖಕ್ಕೆ ಮುಖವೆಂಬ ಲಕ್ಷಣ ಬಂತು. ತಲೆಗೂದಲು ಬರೆಯುವುದು ಕಷ್ಟ, ಟೋಪಿ ಹಾಕಿದರು. ಅಂಗಿಯ ಬಣ್ಣದಲ್ಲಿ ಕೈ ಕಳೆದುಹೋಗಿ ಅವನು ಓಡುವುದೇ ಕಾಣುತ್ತಿರಲಿಲ್ಲ. ತೋಳು ಬೇರೆಯಾಗಿ ಕಾಣಲೆಂದು ಹೆಗಲಪಟ್ಟಿಯ ಕೆಲಸಗಾರನ ಉಡುಪು ತೊಡಿಸಿದರು. ಅಭಾವವೇ ಆತನಿಗೆ ರೂಪ ಕೊಟ್ಟಿತು. ಈ ತೋಳಿನ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಚಿತ್ರಗಳ ಜೊತೆ ವಿದ್ಯಾರ್ಥಿ ಒಂದು ಪ್ರಶ್ನಾವಳಿಯನ್ನೂ ಕಳಿಸಿದ್ದ. ‘ಈ ಪಾತ್ರ ನಿಮಗೆ ಇಷ್ಟವಾಯಿತೇ? ಹತ್ತಕ್ಕೆ ಎಷ್ಟು ಅಂಕ ಕೊಡುವಿರಿ? ಏನು ಬದಲಾಯಿಸಬೇಕು?’ ಇತ್ಯಾದಿ. ಅದನ್ನು ಹಾಗೆಯೇ ಮಡಚಿ ಪಕ್ಕಕ್ಕಿಟ್ಟೆ. ಮೂವತ್ತು ಚಿಲ್ಲರೆ ವರ್ಷ ಕಪ್ಪುಹಲಗೆಯ ಮುಂದೆ ನಿಂತವನಿಗೆ ‘ತಿಳಿಯಿತೇ?’ ಎಂಬ ಪ್ರಶ್ನೆಯ ನಿರರ್ಥಕತೆ ಚೆನ್ನಾಗಿ ಗೊತ್ತು. ಇಡೀ ವರ್ಗ ಒಕ್ಕೊರಲಿನಿಂದ ‘ತಿಳೀತ್ರೀ ಸರ್’ ಎನ್ನುತ್ತದೆ. ತಿಳಿಯಿತೋ ಇಲ್ಲವೋ ಎಂಬುದು ಹೊರಬೀಳುವುದು ‘ಏನು ತಿಳಿಯಿತು, ಹೇಳು’ ಎಂದು ಒಬ್ಬನನ್ನು ಎಬ್ಬಿಸಿ ನಿಲ್ಲಿಸಿದಾಗಲೇ. ‘ಇಷ್ಟವಾಯಿತೇ’ ಎನ್ನುವುದೂ ಇದೇ ಜಾತಿಯ ಪ್ರಶ್ನೆ. ಮುಂದೆ ನಿಂತ ಮುದುಕನ ಮನಸ್ಸು ನೋಯಿಸಬಾರದೆಂದು ಯಾರಾದರೂ ಹತ್ತಕ್ಕೆ ಎಂಟು ಕೊಟ್ಟಾರು. ಆದ್ದರಿಂದ ನಾನು ಎರಡೇ ಪ್ರಶ್ನೆ ಕೇಳಿದೆ: ಇವರು ಯಾರು? ಏನು ಮಾಡುತ್ತಿದ್ದಾರೆ? ಹೆಸರು ಹೇಳಿಕೊಡಲಿಲ್ಲ, ಸುಳಿವು ಕೊಡಲಿಲ್ಲ. ಮೊದಲು ನಾಲ್ಕು ಮಾರು ದೂರದಿಂದ, ಆಮೇಲೆ ಕೈಗೆ ಕೊಟ್ಟು. ಅವರಾಡಿದ ಮಾತನ್ನು ತಿದ್ದದೆ, ವ್ಯಾಕರಣ ನೋಡದೆ (ಇದು ನನಗೆ ಸುಲಭದ ಕೆಲಸವಾಗಿರಲಿಲ್ಲ) ಹಾಗೆಯೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ದೂರದಿಂದ ತೋರಿಸಿದ್ದಕ್ಕೆ ಕಾರಣವುಂಟು. ದೊಡ್ಡಾಟದ ರಂಗದಿಂದ ಬಹುದೂರ, ಹಿಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತವನಿಗೂ ಬಂದವನು ರಾಜನೋ ಸೇವಕನೋ ಎಂದು ತಿಳಿಯುವುದು ಕಿರೀಟ, ಭುಜಕೀರ್ತಿಗಳ ಆಕಾರದಿಂದಲೇ ಹೊರತು ಮುಖದಿಂದಲ್ಲ. ಹೊರಗೆರೆಯೇ ಪಾತ್ರದ ಮೊದಲ ಪರಿಚಯ. ಎಲ್ಲ ಆಕೃತಿಗಳನ್ನೂ ಪೂರ್ತಿ ಕಪ್ಪು ಮಾಡಿ ಒಂದು ಹಾಳೆ ಕಳಿಸೆಂದು ಹುಡುಗನಿಗೆ ಹೇಳಿದೆ. ಕಳಿಸಿದ. ಹನ್ನೆರಡರಲ್ಲಿ ಐದು ಮಂದಿ ಒಬ್ಬರಿಗೊಬ್ಬರು ಅವಳಿ ಜವಳಿಗಳಂತೆ ಕಂಡರು.

ಸೊಪ್ಪು ಮಾರುವವಳು, ಬಳೆಗಾರ ಇಬ್ಬರೂ ಬುಟ್ಟಿಯ ಮುಂದೆ ಕುಳಿತಿದ್ದರು; ಬುಟ್ಟಿಯೊಳಗೆ ಒಬ್ಬರಿಗೆ ಹಸಿರು, ಇನ್ನೊಬ್ಬರಿಗೆ ಕೆಂಪು. ನಮ್ಮ ಓಣಿಯ ಏಳನೆಯ ಇಯತ್ತೆಯ ಹುಡುಗನೊಬ್ಬ ‘ಎರಡೂ ಒಂದೇ ಅದಾವಲ್ರೀ’ ಎಂದಾಗ ಉಳಿದ ಹುಡುಗರು ನಕ್ಕರು. ಅವನಿಗೆ ಕೆಂಪು ಹಸಿರುಗಳ ಭೇದ ಕಾಣುವುದಿಲ್ಲ. ಈ ಕೊರತೆ ಎಕ್ಸ್ ವರ್ಣತಂತುವಿನ ಮೂಲಕ ಬರುವುದರಿಂದ ಹೆಂಗಸರಿಗಿಂತ ಗಂಡಸರಲ್ಲೇ ಹೆಚ್ಚು. ಯಾವ ತರಗತಿಯಲ್ಲಾದರೂ ಅಂಥವನೊಬ್ಬ ಇರುವ ಸಂಭವವಿದೆ. ಅವನ ಮಾತಿನಿಂದ ಬಳೆಗಾರನಿಗೆ ಲಾಭವಾಯಿತು. ಬುಟ್ಟಿ ಬಿಟ್ಟು, ಹೆಗಲಿಗೆ ಬಳೆಯ ಮಲಾರ ಹಾಕಿಕೊಂಡು ಎದ್ದು ನಿಂತ. ಹಾಗೆ ನಿಂತ ಮೇಲೆ ಕಪ್ಪು ಹಾಳೆಯಲ್ಲೂ ಅವನು ಬಳೆಗಾರನೇ.

ಶಾಲಾ ಮಾಸ್ತರರ ಪಾತ್ರವೂ ಒಂದಿತ್ತು. ಬಿಳಿ ಅಂಗಿ, ಕೈಯಲ್ಲಿ ಬೆತ್ತ. ಮಕ್ಕಳು ಒಬ್ಬೊಬ್ಬರಾಗಿ ‘ಪೊಲೀಸ್’ ಎಂದರು. ಒಬ್ಬಳು ‘ದನಾ ಕಾಯಾಂವ’ ಎಂದಳು. ಈ ಕಾಲದ ಮಕ್ಕಳಿಗೆ ಬೆತ್ತವೆಂದರೆ ಮಾಸ್ತರರ ನೆನಪಾಗುವುದಿಲ್ಲವೆಂಬುದು ನನಗೆ ತುಂಬ ಸಮಾಧಾನ ತಂದ ಫಲಿತಾಂಶ. ಬೆತ್ತ ಹೋಗಿ ಸೀಮೆಸುಣ್ಣ ಬಂದಿದೆ. ಒಂದೇ ಚೌಕದ ಸೀಮೆಸುಣ್ಣ.

ಇನ್ನು ಹನ್ನೊಂದನೆಯ ಆಕೃತಿ. ತಲೆಯ ಮೇಲೆ ಸೆರಗು, ಕಡುನೀಲಿ ಸೀರೆ, ನೆಲದ ಮೇಲೆ ಕುಳಿತು ಮುಂದಕ್ಕೆ ಬಾಗಿದ ಭಂಗಿ. ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ತೋರಿಸಿದೆ. ಒಬ್ಬರಿಗೂ ಗುರುತು ಸಿಗಲಿಲ್ಲ. ‘ಸನ್ಯಾಸಿ’ ಎಂದವರುಂಟು. ‘ಚಾದರ ಹೊದ್ದ ಮುದುಕ’ ಎಂದವರುಂಟು. ಒಬ್ಬ ಚಿಕ್ಕ ಹುಡುಗ ‘ಚೀಲ’ ಎಂದ. ಹೆಂಗಸೆಂದು ನಾನೇ ಹೇಳಿದ ಮೇಲೆ ಎಲ್ಲರ ಸಲಹೆಯೂ ಒಂದೇ: ‘ಹಣೆಗೆ ಕುಂಕುಮ ಇಡ್ರಿ, ಕೈಗೆ ಬಳಿ ಹಾಕ್ರಿ, ತಿಳೀತೈತಿ.’ ಹಣೆಯ ಮೇಲೆ ಒಂದು ಕೆಂಪು ಚೌಕ, ಮುಂಗೈ ಮೇಲೆ ಎರಡು ಹಸಿರು ಚೌಕ. ಒಟ್ಟು 384 ಚೌಕಗಳಲ್ಲಿ ಮೂರನ್ನು ಬದಲಿಸಿದರೆ ಮುಗಿಯಿತು.

ಅವಳು ಯಾರೆಂದು ನನಗೆ ಗೊತ್ತಿತ್ತು. ಹುಡುಗ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವನು ನಾಲ್ಕನೆಯ ಇಯತ್ತೆಯಲ್ಲಿದ್ದಾಗಲೇ ತಂದೆ ತೀರಿಕೊಂಡಿದ್ದರು. ತಾಯಿ ಜೋಳದ ರೊಟ್ಟಿ ಬಡಿದು ಸಂತೆಯಲ್ಲಿ ಮಾರಿ ಇಬ್ಬರು ಮಕ್ಕಳನ್ನು ಓದಿಸಿದಳು. ಪಾಲಕರ ಸಭೆಗೆ ಒಮ್ಮೆ ಬಂದಾಗ ಮೊಣಕೈವರೆಗೆ ಹಿಟ್ಟು ಹಾಗೇ ಇತ್ತು. ಕುರ್ಚಿ ತೋರಿಸಿದರೂ ಕೂಡಲಿಲ್ಲ, ಬಾಗಿಲಲ್ಲಿ ನಿಂತೇ ಮಾತಾಡಿ ಹೋದಳು. ಆಕೆ ಹೋಗಿ ಆರು ವರ್ಷವಾಯಿತು.

ಎಲ್ಲರ ಸಲಹೆಯನ್ನೂ ಅವನಿಗೆ ಫೋನಿನಲ್ಲಿ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ‘ಅವ್ವ ಇದ್ದಂಗ ಇರ್ಲಿ ಸರ್. ಆದ್ರ ಯಾರಿಗೂ ಗೊತ್ತಾಗ್ಲಿಲ್ಲ ಅಂದ್ರ ಬರದು ಏನು ಉಪಯೋಗ?’ ಎಂದ. ನಮ್ಮ ಮನೆಯಲ್ಲೂ ಇದರ ಮೇಲೆ ದೊಡ್ಡ ಚರ್ಚೆಯಾಯಿತು. ನನ್ನ ಹೆಂಡತಿಯ ವಾದ ಹೀಗಿತ್ತು: ‘ಊರವರು ಆಕಿಯ ಹಣಿಮ್ಯಾಲಿಂದ ಕಸಗೊಂಡದ್ದನ್ನ ಆಟದಾಗಾದರೂ ತಿರುಗಿ ಕೊಡಬಾರದೇನು? ಈಗ ಎಷ್ಟೋ ಮಂದಿ ಇಟಗೋತಾರ. ಯಾಕ ಇಡಬಾರದು?’ ಈ ಮಾತಿಗೆ ನನ್ನಲ್ಲಿ ಚುಟುಕು ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ವಿಧವೆಯ ಹಣೆ ಬರಿದಾಗಿರಬೇಕೆಂಬ ಕಟ್ಟಳೆಯನ್ನು ನಾನು ಯಾವತ್ತೂ ಒಪ್ಪಿದವನಲ್ಲ. ಆದರೆ ಬಂದ ಸಲಹೆಗಳು ಆ ಕರುಣೆಯಿಂದ ಬಂದವಲ್ಲ. ಕುಂಕುಮ ಬಳೆಗಳಿಲ್ಲದೆ ಹೆಂಗಸೆಂದು ಗುರುತೇ ಸಿಗದೆಂಬ ರೂಢಿಯಿಂದ ಬಂದವು. ಆಕೆ ಇಟ್ಟುಕೊಳ್ಳದೆ ಬಾಳಿದ ಇಪ್ಪತ್ತು ವರ್ಷಗಳನ್ನು ಒಂದು ಚೌಕದಲ್ಲಿ ಒರೆಸಿಹಾಕುವುದು ಗೌರವವೋ ಅಲ್ಲವೋ ನಾನರಿಯೆ. ಅದನ್ನು ತೀರ್ಮಾನಿಸುವ ಹಕ್ಕು ಮಗನದು.

ಬಹುಮತವೆಂದರೆ ಅಲಕ್ಷಿಸತಕ್ಕದ್ದೆಂದು ನನ್ನ ಅಭಿಪ್ರಾಯವಲ್ಲ. 1980ರಲ್ಲಿ ಬಂದ ‘ಪ್ಯಾಕ್-ಮ್ಯಾನ್’ ಆಟದ ಪ್ರಸಂಗ ಸ್ವಾರಸ್ಯಕರವಾದುದು. ಅದರಲ್ಲಿ ನಾಲ್ಕು ದೆವ್ವಗಳು: ಕೆಂಪು, ಗುಲಾಬಿ, ತಿಳಿನೀಲಿ, ಕಿತ್ತಳೆ. ಎಲ್ಲವೂ ಕೆಂಪಾಗಿಯೇ ಇರಲಿ ಎಂಬುದು ಸಂಸ್ಥೆಯ ಅಧ್ಯಕ್ಷರ ಅಪ್ಪಣೆ. ಆಟದ ಕರ್ತೃ ತೋರು ಇವಾತಾನಿ ವಾದಕ್ಕೆ ನಿಲ್ಲದೆ, ಒಂದೇ ಬಣ್ಣ ಬೇಕೋ ನಾಲ್ಕು ಬೇಕೋ ಎಂದು ಮತ ಕೇಳಿದರು. ಉತ್ತರ 40ಕ್ಕೆ ಸೊನ್ನೆ. ಅಧ್ಯಕ್ಷರು ಒಪ್ಪಿಕೊಂಡರು. ಇವಾತಾನಿಯವರೇ 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನದಲ್ಲಿ ಇದನ್ನು ಹೇಳಿಕೊಂಡಿದ್ದಾರೆ. ಅಲ್ಲಿ ಒಂದೊಂದು ದೆವ್ವದ ನಡೆಯೂ ಬೇರೆ ಬೇರೆ: ಒಂದು ಬೆನ್ನಟ್ಟುತ್ತದೆ, ಇನ್ನೊಂದು ಮುಂದೆ ಹೋಗಿ ಅಡ್ಡಗಟ್ಟುತ್ತದೆ. ನಾಲ್ಕು ಬಣ್ಣ ನಾಲ್ಕು ಸ್ವಭಾವಗಳ ಬಗ್ಗೆ ನಿಜವನ್ನೇ ಹೇಳುತ್ತಿದ್ದವು. ನಮ್ಮ ಕೆಂಪು ಚೌಕಕ್ಕೆ ಸಿಕ್ಕ ಬೆಂಬಲವೂ ಹೆಚ್ಚುಕಡಿಮೆ ಅಷ್ಟೇ ಒಮ್ಮತದ್ದು. ಆದರೆ ಅದು ಹೇಳುವುದು ನಿಜವಲ್ಲ. ನೋಡಿದವರು ‘ಗುರುತು ಸಿಗಲಿಲ್ಲ’ ಎಂದಾಗ ಅದನ್ನು ಪ್ರಶ್ನಿಸುವಂತಿಲ್ಲ, ಸಿಗಲಿಲ್ಲವೆಂದರೆ ಸಿಗಲಿಲ್ಲ. ‘ಹೀಗೆ ಮಾಡಿ’ ಎಂದಾಗ ಮಾತ್ರ ಕೊಂಚ ತಡೆದು ನಿಲ್ಲಬಹುದು. ರೋಗಿ ಹೇಳುವ ನೋವು ಸುಳ್ಳಲ್ಲ, ಆದರೆ ಔಷಧದ ಹೆಸರನ್ನೂ ಅವನೇ ಹೇಳಿದರೆ ವೈದ್ಯರು ಒಂದು ಗಳಿಗೆ ಯೋಚಿಸುತ್ತಾರಷ್ಟೆ.

ದಾರಿ ತೋರಿಸಿದವಳು ನಮ್ಮ ಓಣಿಯ ತಿರುವಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಅಜ್ಜಿ. ಮಧ್ಯಾಹ್ನದ ಗಡಿಬಿಡಿ ಮುಗಿದ ಮೇಲೆ ಹಾಳೆ ಹಿಡಿದುಕೊಂಡು ಹೋದೆ. ಹನ್ನೊಂದನೆಯ ಚಿತ್ರದ ಮೇಲೆ ಆಕೆಯ ಬೆರಳು ತಾನಾಗಿ ನಿಂತಿತು. ‘ಇಕಿ ರೊಟ್ಟಿ ಬಡಿಯಾಕಿ ಅಲ್ಲೇನ್ರಿ?’ ಹೇಗೆ ತಿಳಿಯಿತೆಂದು ಕೇಳಿದೆ. ಕುಳಿತ ರೀತಿಯಿಂದಂತೆ, ಒಂದು ಮೊಣಕಾಲು ಮಡಚಿ ಇನ್ನೊಂದನ್ನು ಎತ್ತಿ ಕೂಡುವುದು ಕೊಣಮಿಗೆಯ ಮುಂದೆ ಕೂತವರ ಅಭ್ಯಾಸವಂತೆ. ಹುಡುಗ ತಾಯಿಯನ್ನು ಎಷ್ಟು ನೆಟ್ಟಗೆ ನೋಡಿದ್ದನೆಂದು ಆಗ ನನಗೆ ಅರಿವಾಯಿತು. ಆಮೇಲೆ ಅಜ್ಜಿ ತಪ್ಪು ಎಣಿಸತೊಡಗಿದಳು: ‘ಹಿಟ್ಟ ಎಲ್ಲೈತ್ರಿ? ರೊಟ್ಟಿ ಬಡಿಯಾಕಿ ಕೈ ಇಷ್ಟ ಸ್ವಚ್ಛ ಇರತಾವೇನು? ಮತ್ತ ಸುಮ್ಮನ ಯಾಕ ಕುಂತಾಳ, ಕೈ ಆಡ್ಲಿ. ಬಡದಂಗ ಬಡದಂಗ ರೊಟ್ಟಿ ತಿರಗಬೇಕು, ದೊಡ್ಡದಾಗಬೇಕು.’ ಕುಂಕುಮದ ಮಾತು ಎತ್ತಿದೆ. ಅಜ್ಜಿಯ ಹಣೆಯೂ ಬರಿದೇ ಇತ್ತು. ‘ಅದ್ಯಾಕ್ರಿ?’ ಎಂದು ನಕ್ಕಳು, ಅಷ್ಟೇ.

ಹುಡುಗ ಅಂದು ರಾತ್ರಿಯೇ ಕೂತು ತಿದ್ದಿದ. ಮೊಣಕೈವರೆಗೆ ಬಿಳಿಯ ಚೌಕಗಳು. ಕಡುನೀಲಿ ಸೀರೆಯ ಮೇಲೆ ಆ ಬಿಳಿಯ ತೋಳು ದೂರದಿಂದಲೂ ಎದ್ದು ಕಂಡಿತು. ಮಿಯಾಮೊಟೊ ತಮ್ಮ ಬಡಗಿಯ ತೋಳಿಗೆ ಉಡುಪಿನಿಂದ ಮಾಡಿಕೊಂಡ ಅನುಕೂಲ ಇಲ್ಲಿ ಜೋಳದ ಹಿಟ್ಟಿನಿಂದ ಆಯಿತು. ಒಂದು ಚಿತ್ರವಿದ್ದಲ್ಲಿ ಮೂರು: ಕೈ ಮೇಲೆ, ಕೈ ಕೆಳಗೆ, ಮತ್ತೆ ಮೇಲೆ, ರೊಟ್ಟಿ ಮೂರು ಚೌಕದಿಂದ ಐದಾಗಿ, ಏಳಾಗಿ ಹಿಗ್ಗುತ್ತದೆ. ತಿರುಗುವುದನ್ನು ತೋರಿಸಲು ರೊಟ್ಟಿಯ ಅಂಚಿನಲ್ಲಿ ಒಂದು ಕಂದು ಚುಕ್ಕೆಯನ್ನು ಸರಿಸುತ್ತಾನೆ. ಹಣೆಯ ಮೇಲೆ ಏನೂ ಇಲ್ಲ.

ಮುದ್ರಿಸಿದ ಹಾಳೆಯಲ್ಲಿ ಇದನ್ನು ತೋರಿಸುವಂತಿರಲಿಲ್ಲ. ಫೋನಿನಲ್ಲಿ ಹಾಕಿಕೊಂಡು ಅದೇ ಮಂದಿಯ ಬಳಿ ಹೋಗುವುದನ್ನು ಬಿಟ್ಟು, ಹೊಸಬರನ್ನು ಹುಡುಕಿದೆ. ಹಳಬರಿಗೆ ಉತ್ತರ ಮೊದಲೇ ಗೊತ್ತಿತ್ತಲ್ಲ. ಹತ್ತು ಹನ್ನೆರಡು ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಉಳಿದೆಲ್ಲರೂ ಕೂಡಲೇ ‘ರೊಟ್ಟಿ’ ಎಂದರು. ಹೆಂಗಸೋ ಗಂಡಸೋ ಎಂಬ ಅನುಮಾನವನ್ನು ಯಾರೂ ಎತ್ತಲಿಲ್ಲ. ಆ ಒಬ್ಬರು ಬೆಂಗಳೂರಿನಿಂದ ಬಂದಿದ್ದ ಅತಿಥಿಗಳು, ‘ಬಟ್ಟೆ ಒಗೆಯುತ್ತಿದ್ದಾಳೆ’ ಎಂದರು. ಅದಕ್ಕೇನು ಮಾಡುವುದೆಂದು ಹುಡುಗ ಕೇಳಿದ. ಪಕ್ಕದಲ್ಲಿ ಒಂದು ಒಲೆ ಇಟ್ಟು ನೋಡು ಎಂದಿದ್ದೇನೆ.

ನನ್ನ ಹೆಂಡತಿ ತನ್ನ ವಾದವನ್ನು ಹಿಂತೆಗೆದುಕೊಂಡಿಲ್ಲ. ಕುರಿಗಾಹಿಯ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿದೆ. ಅವನ ಹೆಗಲ ಮೇಲಿನ ಕಂಬಳಿಯನ್ನು ಅರ್ಧ ಜನ ಗೊಬ್ಬರದ ಚೀಲವೆನ್ನುತ್ತಾರೆ. ಹೊಸ ಹಾಳೆ ನಿನ್ನೆ ಬಂದಿದೆ, ಬರುವ ಸಂತೆಗೆ ಒಯ್ಯಬೇಕು.