ಹಿತ್ತಲ ಕಡೆಯಿಂದ ಕಿಲಿಮಂಜಾರೋ

ನಮ್ಮ ಮಲೆನಾಡಿನ ಮನೆಗಳಿಗೆ ಎರಡು ದಾರಿ. ಅಂಗಳ ದಾಟಿ ಜಗಲಿಗೆ ಬರುವುದು ನೆಂಟರ ದಾರಿ. ಬಚ್ಚಲುಮನೆಯ ಪಕ್ಕ ನುಸುಳಿ ಹಿತ್ತಲಿಂದ ಅಡುಗೆಮನೆಗೆ ಬರುವುದು ಮನೆಯವರ, ಕೆಲಸದವರ ದಾರಿ. ಆಫ್ರಿಕಾದ ಅತಿ ಎತ್ತರದ ಬೆಟ್ಟ ಕಿಲಿಮಂಜಾರೋಗೂ ಹೀಗೊಂದು ಹಿತ್ತಲಿದೆ. ಹತ್ತಲು ಆರೇಳು ದಾರಿಗಳಿದ್ದರೂ ಹೆಚ್ಚು ಜನ ಹೋಗುವುದು ದಕ್ಷಿಣದ ಮತ್ತು ಪಶ್ಚಿಮದ ದಾರಿಗಳಲ್ಲಿ. ಮರಾಂಗು ದಾರಿಗೆ ಕೋಕಾ-ಕೋಲಾ ಅಂತ ಅಡ್ಡಹೆಸರು, ಮಚಾಮೆ ದಾರಿಗೆ ವಿಸ್ಕಿ ಅಂತ. ರೊಂಗೈ ಎನ್ನುವ ಒಂದು ದಾರಿ ಮಾತ್ರ ಉತ್ತರದಲ್ಲಿ, ಕೆನ್ಯಾ ಗಡಿಯ ಪಕ್ಕದಲ್ಲಿ ಶುರುವಾಗುತ್ತದೆ. ಅದಕ್ಕೆ ಅಡ್ಡಹೆಸರು ಇಟ್ಟವರನ್ನು ನಾನು ಕಾಣಲಿಲ್ಲ. ನಾನೂ ನನ್ನ ಅಣ್ಣನೂ ಹೋಗಿದ್ದು ಆ ದಾರಿಯಲ್ಲಿ.

ಅಣ್ಣ ದಾರ್ ಎಸ್ ಸಲಾಮಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ಹೋಗಿ ಹತ್ತೊಂಬತ್ತು ವರ್ಷವಾಯಿತು. ನಾನು ಊರಲ್ಲೇ ಉಳಿದವಳು, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಜಯಪುರದಿಂದ ಸ್ವಲ್ಪ ಒಳಗೆ ಅಪ್ಪನದೊಂದು ಎರಡೂವರೆ ಎಕರೆ ಅಡಿಕೆ ತೋಟವಿತ್ತು. ಹಳದಿ ಎಲೆ ರೋಗ ಅಂದರೆ ಏನೆಂದು ಕೊಪ್ಪ, ಶೃಂಗೇರಿ ಕಡೆಯವರಿಗೆ ಹೇಳಬೇಕಾಗಿಲ್ಲ. ಸೋಗೆ ತುದಿಯಿಂದ ಹಳದಿಯಾಗುತ್ತದೆ, ಕಾಯಿ ಉದುರುತ್ತದೆ, ಮರ ನಿಂತಲ್ಲೇ ವರ್ಷಗಟ್ಟಲೆ ಸೊರಗುತ್ತದೆ. ಮದ್ದಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಮಾರೋಣ ಎಂದ. ಕಾಫಿ, ಮೆಣಸು ಹಾಕಿ ಉಳಿಸಿಕೊಳ್ಳೋಣ ಎಂದು ನಾನಂದೆ. ಕೊನೆಗೆ ಮಾರಿದೆವು. ಕೊಪ್ಪಕ್ಕೆ ಹೋಗಿ ಇಬ್ಬರೂ ಸಹಿ ಹಾಕಿ, ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ವಾಪಸು ಬಂದೆವು. ಆಮೇಲೆ ನಾಲ್ಕು ವರ್ಷ ಯುಗಾದಿಗೊಂದು, ದೀಪಾವಳಿಗೊಂದು ಮೆಸೇಜು. ಅಷ್ಟೇ.

ಒಂದು ದಿನ ಅವನದೇ ಫೋನು. "ಐವತ್ತು ತುಂಬ್ತು ಮಾರಾಯ್ತಿ. ಇಷ್ಟು ವರ್ಷ ಇಲ್ಲಿದ್ದು ಆ ಬೆಟ್ಟ ಹತ್ತಿಲ್ಲ. ದಸರಾ ರಜೆಗೆ ಬರ್ತೀಯಾ? ಖರ್ಚು ನಂದು." ತೋಟದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆರು ತಿಂಗಳು ಭಾನುವಾರಗಳಲ್ಲಿ ಬಸರಿಕಟ್ಟೆ ಕಡೆಯ ಮೇರುತಿ ಗುಡ್ಡ, ಕಿಗ್ಗದಿಂದ ನರಸಿಂಹ ಪರ್ವತ ಹತ್ತಿ ಕಾಲು ಗಟ್ಟಿ ಮಾಡಿಕೊಂಡೆ. ಆದರೆ ಕಾಲು ಗಟ್ಟಿಯಾದರೆ ಸಾಲದು ಎಂದು ಲೆಕ್ಕ ಹೇಳುತ್ತಿತ್ತು. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ರೊಂಗೈ ದಾರಿಯ ಗೇಟು ಇರುವುದೇ ಹೆಚ್ಚುಕಡಿಮೆ ಆ ಎತ್ತರದಲ್ಲಿ. ನಮ್ಮ ನೆಲ ಮುಗಿಯುವಲ್ಲಿ ಅವರ ಬೆಟ್ಟದ ಮೊದಲ ಮೆಟ್ಟಿಲು. ಅಲ್ಲಿಂದ 5,895 ಮೀಟರಿಗೆ ಹೋಗಬೇಕು, ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು.

ಬೆಟ್ಟದ ಉತ್ತರ ಮೈ ಒಣ ಮೈ. ಹಿಂದೂ ಮಹಾಸಾಗರದಿಂದ ಬರುವ ತೇವದ ಗಾಳಿ ದಕ್ಷಿಣದ ಇಳಿಜಾರಿಗೆ ಬಡಿದು ಅಲ್ಲೇ ಮಳೆ ಸುರಿಸಿಬಿಡುತ್ತದೆ, ಹಿಂಬದಿಗೆ ದಾಟುವುದು ಕಡಿಮೆ. ಆಗುಂಬೆಯಲ್ಲಿ ಧೋ ಎಂದು ಸುರಿಯುವ ಮೋಡ ಕಡೂರಿಗೆ ಬರುವಷ್ಟರಲ್ಲಿ ಖಾಲಿಯಾಗಿರುತ್ತದಲ್ಲ, ಹಾಗೆ. ಮಳೆನೆರಳು ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಮೊದಲ ದಿನ ಜೋಳದ ಹೊಲ, ಪೈನ್ ತೋಪು ದಾಟಿ ಧೂಳಿನ ದಾರಿಯಲ್ಲಿ ನಡೆಯುವಾಗ ನಾನು ಕಡೂರಿನ ಕಡೆಯಿಂದ ಬೆಟ್ಟ ಹತ್ತುತ್ತಿದ್ದೇನೆ ಅನ್ನಿಸಿತು. ಹಿಂದೆ ತಿರುಗಿದರೆ ಕೆನ್ಯಾದ ಬಯಲು, ಕೊನೆಯೇ ಕಾಣದಷ್ಟು.

ಇಬ್ಬರನ್ನು ಹತ್ತಿಸಲು ಹತ್ತು ಜನ. ಒಬ್ಬ ಗೈಡ್, ಒಬ್ಬ ಸಹಾಯಕ, ಒಬ್ಬ ಅಡುಗೆಯವ, ಏಳು ಹೊರೆಯಾಳುಗಳು. ಒಬ್ಬನ ಹೊರೆ 20 ಕೆಜಿ ಮೀರಬಾರದೆಂದು ನಿಯಮವಿದೆ, ಗೇಟಿನಲ್ಲಿ ತೂಗುತ್ತಾರೆ. ಟೆಂಟು, ಗ್ಯಾಸು, ಬಟಾಟೆ, ಮೊಟ್ಟೆಗಳನ್ನು ತಲೆಯ ಮೇಲೆ, ಹೆಗಲ ಮೇಲೆ ಹೊತ್ತು ನಮಗಿಂತ ತಡವಾಗಿ ಹೊರಟು ನಮಗಿಂತ ಮೊದಲು ತಲುಪಿರುತ್ತಿದ್ದರು. ನಮಗೆ ಮಾತ್ರ ಗೈಡ್ ಹೇಳುತ್ತಿದ್ದ ಮಾತು ಒಂದೇ: "ಪೋಲೆ ಪೋಲೆ." ಸ್ವಾಹಿಲಿಯಲ್ಲಿ ನಿಧಾನ ನಿಧಾನ ಎಂದರ್ಥ. ಪೋಲೆ ಎಂದು ಒಂದೇ ಸಲ ಹೇಳಿದರೆ ಅರ್ಥ ಬೇರೆ: ಅಯ್ಯೋ ಪಾಪ, ನಿನಗೆ ಹೀಗಾಯಿತಲ್ಲ ಎಂಬ ಕನಿಕರ.

ಚಾಯ್ ಅಲ್ಲೂ ಚಾಯ್, ಚಪಾತಿ ಅಲ್ಲೂ ಚಪಾತಿ. ಉಗಾಲಿ ಎಂಬ ಜೋಳದ ಹಿಟ್ಟಿನ ಮುದ್ದೆಯನ್ನು ಅಣ್ಣ ಸಾರಿಲ್ಲದೆ ಮುರಿದು ತಿನ್ನುವುದನ್ನು ನೋಡಿದೆ. ಆಳುಗಳ ಜೊತೆ ಸ್ವಾಹಿಲಿಯಲ್ಲಿ ಹರಟಿ ನಗುತ್ತಿದ್ದ. ನನ್ನ ಕಡೆ ತಿರುಗಿದರೆ ಮಾತು ಹವೆಗೆ, ಬೂಟಿನ ದಾರಕ್ಕೆ ಬಂದು ನಿಲ್ಲುತ್ತಿತ್ತು. ಜನ ಕಡಿಮೆ ಇರುವ ದಾರಿಯಲ್ಲಿ ಇದೊಂದು ಕಷ್ಟ. ಮಾತಾಡದೆ ಇರುವುದು ಎದ್ದು ಕೇಳಿಸುತ್ತದೆ.

ಎರಡನೆಯ ರಾತ್ರಿ ಗೈಡ್ ತನ್ನ ಕತೆ ಹೇಳಿದ. ಅವನು ಚಾಗಾ ಸಮುದಾಯದವನು. ದಕ್ಷಿಣದ ಇಳಿಜಾರಿನಲ್ಲಿ ಅವರಿಗೆ ಕಿಹಾಂಬಾ ಎಂಬ ಮನೆತೋಟಗಳಿವೆ. ದೊಡ್ಡ ನೆರಳಿನ ಮರ, ಅದರ ಕೆಳಗೆ ಬಾಳೆ, ಬಾಳೆಯ ಕೆಳಗೆ ಕಾಫಿ, ಬೆಟ್ಟದ ಹೊಳೆಯಿಂದ ಕಾಲುವೆ ತೋಡಿ ತಂದ ನೀರು. 1933ರಲ್ಲೇ ಅಲ್ಲಿನ ಬೆಳೆಗಾರರು ಕಿಲಿಮಂಜಾರೋ ನೇಟಿವ್ ಕೋಆಪರೇಟಿವ್ ಯೂನಿಯನ್ ಎಂಬ ಸಹಕಾರಿ ಒಕ್ಕೂಟ ಕಟ್ಟಿಕೊಂಡಿದ್ದರು. "ಅಜ್ಜನ ಕಾಲದಲ್ಲಿ ಒಂದು ತೋಟ. ಅಪ್ಪನ ಕಾಲಕ್ಕೆ ಮೂರು ಪಾಲು. ನನಗೆ ಬಂದದ್ದು ಮನೆ ಕಟ್ಟುವಷ್ಟು ಜಾಗ. ಅದಕ್ಕೇ ಬೆಟ್ಟಕ್ಕೆ ಬಂದೆ," ಎಂದ. ಅಣ್ಣ ಅದನ್ನು ನನಗೆ ಕನ್ನಡಕ್ಕೆ ತಿರುಗಿಸಿ ಹೇಳುತ್ತ, 'ಪಾಲು' ಎಂಬಲ್ಲಿಗೆ ಬಂದಾಗ ಒಂದು ಕ್ಷಣ ತಡೆದ. ಮತ್ತೆ ಮುಂದುವರಿಸಿದ. ಇಬ್ಬರೂ ಬೆಂಕಿಯಿಲ್ಲದ ಟೆಂಟಿನಲ್ಲಿ ಚಾಯ್ ಲೋಟಕ್ಕೆ ಕೈ ಕಾಸುತ್ತ ಕೂತೆವು.

ಕಿಕೆಲೆವಾ ಬಿಡಾರದ ಸುತ್ತ ಸೆನೆಸಿಯೋ ಗಿಡಗಳು. ಒಣಗಿದ ಹಳೆಯ ಎಲೆಗಳನ್ನೇ ಕಾಂಡಕ್ಕೆ ಕಂಬಳಿಯಂತೆ ಸುತ್ತಿಕೊಂಡು, ತಲೆಯ ಮೇಲೆ ಹಸಿರು ಗೊಂಚಲು ಹೊತ್ತು ನಿಂತಿರುತ್ತವೆ. ರಾತ್ರಿಯ ಚಳಿಗೆ ನೀರು ಹೆಪ್ಪುಗಟ್ಟದಿರಲು ಅವು ಕಂಡುಕೊಂಡ ಉಪಾಯ ಅದು. ನಾಲ್ಕನೆಯ ದಿನ 4,330 ಮೀಟರಿನ ಮಾವೆಂಜಿ ಕೆರೆ. ಕೆರೆ ಎನ್ನುವುದಕ್ಕಿಂತ ಹೊಂಡ, ಅದರ ಹಿಂದೆ ಗರಗಸದ ಹಲ್ಲಿನಂಥ ಮಾವೆಂಜಿ ಶಿಖರ. ಕಿಲಿಮಂಜಾರೋ ಒಂದೇ ಬೆಟ್ಟವಲ್ಲ. ಶಿರಾ, ಮಾವೆಂಜಿ, ಕಿಬೋ ಎಂಬ ಮೂರು ಜ್ವಾಲಾಮುಖಿಗಳು ಒಂದಕ್ಕೊಂದು ಅಂಟಿಕೊಂಡಿವೆ. ತುದಿ ಇರುವುದು ಕಿಬೋದಲ್ಲಿ. ಅದರ ನೆತ್ತಿಯ ಬಿಳಿ ಅಲ್ಲಿಂದ ಕಾಣಿಸಿತು, ಪಠ್ಯಪುಸ್ತಕದ ಚಿತ್ರಕ್ಕಿಂತ ಎಷ್ಟೋ ತೆಳ್ಳಗೆ. 1912ರಲ್ಲಿದ್ದ ಹಿಮದ ಹರವಿನಲ್ಲಿ ಶೇಕಡಾ 85ರಷ್ಟು 2007ರ ಹೊತ್ತಿಗೇ ಹೋಗಿತ್ತು.

ಐದನೆಯ ದಿನ ಮರಳುಗಾಡಿನಂಥ ಬಯಲು ದಾಟಿ 4,720 ಮೀಟರಿನ ಕಿಬೋ ಹಟ್ ತಲುಪಿದೆವು. ಅಲ್ಲಿ ನೀರಿಲ್ಲ, ಕುಡಿಯುವ ಪ್ರತಿ ಲೋಟವನ್ನೂ ಕೆಳಗಿನಿಂದ ಯಾರೋ ಹೊತ್ತು ತಂದಿರುತ್ತಾರೆ. ಮರಾಂಗು ದಾರಿಯವರೂ ಅಲ್ಲೇ ಸೇರುವುದರಿಂದ ನಮ್ಮ ಮೌನದ ದಾರಿ ಅಲ್ಲಿಗೆ ಮುಗಿಯಿತು. ಅಣ್ಣನಿಗೆ ತಲೆನೋವಿತ್ತು. ಅದು ಎಲ್ಲರಿಗೂ ಇತ್ತು. ಸಂಜೆ ಬೆರಳಿಗೆ ಯಂತ್ರ ಸಿಕ್ಕಿಸಿ ನೋಡಿದ ಗೈಡ್ ಸರಿ ಎಂದ. ಮಧ್ಯರಾತ್ರಿ ಹಣೆಗೆ ದೀಪ ಕಟ್ಟಿಕೊಂಡು ಹೊರಟೆವು. ಕಾಲಿಟ್ಟಲ್ಲಿ ಜಾರುವ ಸಣ್ಣ ಕಲ್ಲಿನ ಇಳಿಜಾರು, ಅದರಲ್ಲಿ ಹಾವಿನಂತೆ ಹೊರಳುವ ದಾರಿ.

ಸುಮಾರು 5,150 ಮೀಟರಿನಲ್ಲಿ ಹಾನ್ಸ್ ಮೇಯರ್ ಗುಹೆ. 1889ರ ಅಕ್ಟೋಬರ್ 6ರಂದು ಲುಡ್ವಿಗ್ ಪುರ್ಟ್‌ಶೆಲ್ಲರ್ ಜೊತೆ ಮೊದಲ ಬಾರಿಗೆ ತುದಿ ಮುಟ್ಟಿದನೆಂದು ದಾಖಲಾದ ಜರ್ಮನ್ ಅವನು. ದಾರಿ ತೋರಿದವನು ಯೊಹಾನಿ ಕಿನ್ಯಾಲಾ ಲಾವೊ ಎಂಬ ಚಾಗಾ ತರುಣ ಎಂದು ಅಲ್ಲಿಯವರು ಹೇಳುತ್ತಾರೆ. ಗುಹೆಗೆ ಸ್ವಲ್ಪ ಮೊದಲು ಅಣ್ಣ ಕುಡಿದವನಂತೆ ತೂರಾಡತೊಡಗಿದ. ಗೈಡ್ ಅವನನ್ನು ನಿಲ್ಲಿಸಿ, ಹಿಮ್ಮಡಿಗೆ ಬೆರಳು ತಾಗಿಸಿ ನೇರ ನಾಲ್ಕು ಹೆಜ್ಜೆ ಇಡು ಎಂದ. ಎರಡನೆಯ ಹೆಜ್ಜೆಗೇ ಪಕ್ಕಕ್ಕೆ ಬಿದ್ದ. ಗೈಡ್ ಸ್ವಾಹಿಲಿಯಲ್ಲಿ ಏನೋ ಕೇಳಿದ. ಅಣ್ಣ ಉತ್ತರಿಸಿದ್ದು ಕನ್ನಡದಲ್ಲಿ.

"ಕೆಳಗಿನ ತೋಟಕ್ಕೆ ನೀರು ಬಿಟ್ಯಾ? ಅಪ್ಪ ಬೈತಾರೆ."

ಇಂಗ್ಲಿಷಿನಲ್ಲಿ ಕೇಳಿದರೂ ಅದೇ. "ಪಂಪ್ ಆಫ್ ಮಾಡು ಪುಟ್ಟಿ, ಕರೆಂಟ್ ಹೋಗತ್ತೆ." ಹತ್ತೊಂಬತ್ತು ವರ್ಷದ ಸ್ವಾಹಿಲಿ, ಆಫೀಸಿನ ಇಂಗ್ಲಿಷು ಎರಡೂ ಉದುರಿಹೋಗಿ ಜಯಪುರದ ಹುಡುಗನೊಬ್ಬ ಆ ಕತ್ತಲಲ್ಲಿ ಕಲ್ಲಿನ ಮೇಲೆ ಕೂತಿದ್ದ. ಎತ್ತರದಲ್ಲಿ ಮಿದುಳು ಬಾತುಕೊಳ್ಳುವ ಕಾಯಿಲೆಯ ಲಕ್ಷಣ ಅದು. ತಡಮಾಡಿದರೆ ಜೀವ ಹೋಗುತ್ತದೆ. ಅದಕ್ಕೆ ಎಲ್ಲಕ್ಕಿಂತ ದೊಡ್ಡ ಮದ್ದು ಕೆಳಗಿಳಿಯುವುದು.

ಗೈಡ್ ನನ್ನ ಕಡೆ ತಿರುಗಿದ. "ನೀವು ಚೆನ್ನಾಗಿದ್ದೀರಿ. ಸಹಾಯಕ ನಿಮ್ಮನ್ನು ತುದಿಗೆ ಕರೆದೊಯ್ಯುತ್ತಾನೆ. ಇವರನ್ನು ನಾನು ಇಳಿಸುತ್ತೇನೆ." ಮೇಲೆ ನೋಡಿದೆ. ಮುಂದೆ ಹೋದವರ ದೀಪಗಳು ನಕ್ಷತ್ರಗಳಿಗೆ ಕೂಡಿಕೊಂಡಂತೆ ಸಾಲಾಗಿದ್ದವು. ಆ ತುದಿಯ ಹೆಸರು ಉಹುರು, ಎಂದರೆ ಸ್ವಾತಂತ್ರ್ಯ. 1961ರ ಡಿಸೆಂಬರ್ 9ರಂದು ಟಾಂಗನ್ಯಿಕಾ ಸ್ವತಂತ್ರವಾದಾಗ ಅಲೆಕ್ಸಾಂಡರ್ ನ್ಯಿರೆಂಡಾ ಎಂಬ ಸೇನಾಧಿಕಾರಿ ಅಲ್ಲಿ ಬಾವುಟ ನೆಟ್ಟು ದೀವಟಿಗೆ ಹಚ್ಚಿದ್ದ. ನನ್ನ ಮಕ್ಕಳಿಗೆ ಅಲ್ಲಿಂದ ಫೋಟೋ ತರುತ್ತೇನೆಂದು ಹೇಳಿಬಂದಿದ್ದೆ.

ಅಷ್ಟರಲ್ಲಿ ಗೈಡ್ ಕೇಳಿದ, "ಈಗ ಏನು ಹೇಳುತ್ತಿದ್ದಾರೆ?"

ಆ ಪ್ರಶ್ನೆಯೇ ತೀರ್ಮಾನ ಮಾಡಿತು. ಅಣ್ಣನ ಮಾತು ಹದಗೆಡುತ್ತಿದೆಯೋ ಸುಧಾರಿಸುತ್ತಿದೆಯೋ ಎಂದು ತಿಳಿಯಬೇಕಾದರೆ ಕನ್ನಡ ಬಲ್ಲವರು ಪಕ್ಕದಲ್ಲಿರಬೇಕು. ಆ ಬೆಟ್ಟದ ಮೇಲೆ ಅಂಥವಳು ನಾನೊಬ್ಬಳೇ ಇದ್ದೆ. "ತೋಟಕ್ಕೆ ನೀರು ಬಿಡಲು ಹೇಳುತ್ತಿದ್ದಾನೆ," ಎಂದೆ. "ತೋಟ ಇದೆಯಾ?" ಎಂದ ಗೈಡ್. "ಇಲ್ಲ," ಎಂದೆ. ಅವನು ತಲೆಯಾಡಿಸಿ ಅಣ್ಣನ ಕಂಕುಳಿಗೆ ಕೈ ಕೊಟ್ಟ. ಇನ್ನೊಂದು ಕಡೆ ಸಹಾಯಕ. ಹಿಂದಿನಿಂದ ಜಾಕೆಟ್ ಹಿಡಿದು ನಾನು.

ಕಿಬೋ ಹಟ್ಟಿನಿಂದ ಕೆಳಕ್ಕೆ ಒಂಟಿ ಚಕ್ರದ ಸ್ಟ್ರೆಚರ್. ಕಬ್ಬಿಣದ ಮಂಚದ ಮಧ್ಯೆ ಒಂದೇ ಗಾಲಿ, ಹಿಂದೆ ಮುಂದೆ ಆಳು. ನಮ್ಮ ಹೊರೆಯಾಳುಗಳನ್ನೇ ನಿದ್ದೆಯಿಂದ ಎಬ್ಬಿಸಿದರು, ಒಬ್ಬರೂ ಗೊಣಗಲಿಲ್ಲ. ಅಣ್ಣನನ್ನು ಸುತ್ತಿ ಕಟ್ಟಿ ಓಡತೊಡಗಿದರು. ನನಗೆ ಅಜ್ಜಿಯ ನೆನಪಾಯಿತು. ರಸ್ತೆ ಇಲ್ಲದ ಕಾಲದಲ್ಲಿ ಜ್ವರ ಬಂದ ಅಜ್ಜಿಯನ್ನು ಕಂಬಳಿಯ ಜೋಲಿ ಕಟ್ಟಿ, ಗಳುವಿಗೆ ಸಿಕ್ಕಿಸಿ, ನಾಲ್ಕು ಜನ ಸಂಕ ದಾಟಿಸಿ ರಸ್ತೆಗೆ ತಂದಿದ್ದರಂತೆ. ಆ ನಾಲ್ವರ ಹೆಸರನ್ನು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ನಾನು ಈ ಏಳು ಜನರ ಹೆಸರನ್ನು ಮನಸ್ಸಿನಲ್ಲೇ ಒಂದೊಂದಾಗಿ ಹೇಳಿಕೊಂಡು ಹಿಂದೆ ಓಡಿದೆ. ಸ್ಟ್ರೆಚರ್ ಕಲ್ಲಿಗೆ ಹಾರಿದಾಗಲೆಲ್ಲ ಮುಂದಿನವನು ಅಣ್ಣನಿಗೆ ಹೇಳುತ್ತಿದ್ದ, "ಪೋಲೆ, ಪೋಲೆ ಸಾನಾ." ನಿಧಾನ ಎಂದಲ್ಲ, ಕನಿಕರದ ಪೋಲೆ.

ಗೈಡ್ ಆಗಾಗ ಕೇಳುತ್ತಿದ್ದ, ನಾನು ಉತ್ತರಿಸುತ್ತಿದ್ದೆ. ಈಗ ಅಡಿಕೆ ಒಣಗಿಸುವ ಮಾತು. ಈಗ ಅಮ್ಮನನ್ನು ಕರೆಯುತ್ತಿದ್ದಾನೆ. ಈಗ ಸುಮ್ಮನಿದ್ದಾನೆ. ಸುಮ್ಮನಿದ್ದಾಗ ಗೈಡ್ ಇನ್ನೂ ಜೋರಾಗಿ ಓಡಿಸುತ್ತಿದ್ದ. ಒಮ್ಮೆ ಅಣ್ಣ ಸ್ಪಷ್ಟವಾಗಿ, "ತೋಟ ನೋಡಿದ್ರೆ ಅಪ್ಪನ್ನೇ ನೋಡಿದ ಹಾಗೆ ಆಗ್ತಿತ್ತು ಪುಟ್ಟಿ. ಹಳದಿ. ನಂಗೆ ನೋಡಕ್ಕಾಗ್ಲಿಲ್ಲ," ಎಂದ. ಗೈಡ್ ಏನು ಎಂದು ಕೇಳಿದ. ಅದೊಂದನ್ನು ನಾನು ಅನುವಾದಿಸಲಿಲ್ಲ. "ಸ್ವಲ್ಪ ಸರಿಯಾಗಿ ಮಾತಾಡುತ್ತಿದ್ದಾನೆ," ಎಂದಷ್ಟೇ ಹೇಳಿದೆ.

3,720 ಮೀಟರಿನ ಹೊರೊಂಬೊ ತಲುಪುವಾಗ ಮಾವೆಂಜಿಯ ಹಿಂದೆ ಬೆಳಗಾಗುತ್ತಿತ್ತು. ಅಣ್ಣ ಕಣ್ಣು ತೆರೆದು, ತನ್ನ ಮೇಲೆ ಬಾಗಿದ್ದ ಹೊರೆಯಾಳನ್ನು ನೋಡಿ "ಮಾಜಿ" ಎಂದ. ಸ್ವಾಹಿಲಿಯಲ್ಲಿ ನೀರು. ಗೈಡ್ ಜೋರಾಗಿ ನಕ್ಕು ನನ್ನ ಬೆನ್ನಿಗೆ ಗುದ್ದಿದ. ಇನ್ನು ನಿಮ್ಮ ಕೆಲಸ ಮುಗಿಯಿತು ಎಂಬಂತೆ.

ಮರುದಿನ ಇಳಿದದ್ದು ದಕ್ಷಿಣದ ದಾರಿಯಲ್ಲಿ. ಪಾಚಿ ಹೊತ್ತ ಮರ, ತೊಟ್ಟಿಕ್ಕುವ ನೀರು, ಜರಿಗಿಡ, ಸಿರಿಮನೆ ಜಲಪಾತದ ಹತ್ತಿರದ ಕಾಡಿನ ವಾಸನೆ. ಗೇಟಿನಲ್ಲಿ ತುದಿ ಮುಟ್ಟಿದವರಿಗೆ ಪ್ರಮಾಣಪತ್ರ ಕೊಡುತ್ತಿದ್ದರು. ನಮಗೆ ಅದಿರಲಿಲ್ಲ. ಹೊರಗೆ ಕಿಹಾಂಬಾಗಳಲ್ಲಿ ಬಾಳೆಯ ನೆರಳಿಗೆ ಕಾಫಿ ಹಣ್ಣಾಗಿತ್ತು. ಅಣ್ಣ ಒಂದು ಕೆಂಪು ಹಣ್ಣು ಕಿತ್ತು ಬಾಯಿಗೆ ಹಾಕಿ ಸಿಹಿ ಚೀಪಿ ಬೀಜ ಉಗಿದ. "ರಾತ್ರಿ ನಾನು ಏನೇನೋ ಮಾತಾಡ್ದೆನಂತೆ?" ಎಂದ. "ತೋಟಕ್ಕೆ ನೀರು ಬಿಡು ಅಂದೆ," ಎಂದೆ. "ಮತ್ತೆ?" "ಹಳದಿ ನೋಡಕ್ಕಾಗ್ಲಿಲ್ಲ ಅಂದೆ." ಅವನು ಇನ್ನೊಂದು ಹಣ್ಣು ಕಿತ್ತು ನನ್ನ ಕೈಗಿಟ್ಟ. ಸುಮಾರು ಹೊತ್ತಿನ ಮೇಲೆ, "ನಂಗೆ ಗೊತ್ತಿದ್ದಿದ್ರೆ ಬಸ್ಸಲ್ಲಿ ನಿನ್ನ ಪಕ್ಕನೇ ಕೂತ್ಕೊತಿದ್ದೆ," ಎಂದು ನಾನೇ ಅಂದೆ.

ಮಾರಿದ ತೋಟ ಮಾರಿದ್ದೇ. ಕೊಂಡವರು ಈಗ ಅಲ್ಲಿ ಕಾಫಿ ಹಾಕಿದ್ದಾರೆ, ದಾರಿಯಲ್ಲಿ ಹೋಗುವಾಗ ಬೇಲಿಯಾಚೆ ಕಾಣುತ್ತದೆ. ಈಗ ಭಾನುವಾರ ಸಂಜೆ ಅಣ್ಣನ ಫೋನು ಬರುತ್ತದೆ. ಮಳೆ ಹ್ಯಾಗಿದೆ, ಕರೆಂಟ್ ಇದೆಯಾ ಎಂದು ಕೇಳುತ್ತಾನೆ. ಕಳೆದ ವಾರ ಕೊನೆಗೆ ಕೇಳಿದ, "ಕಾಫಿ ಗಿಡ ಎಷ್ಟು ಎತ್ತರ ಬಂತು?" ಸೊಂಟದೆತ್ತರ ಎಂದೆ.