ಜಿರೇನಿಯಂ ಕುಂಡಗಳು

ಕೊಹಿನೂರಿನ ನಮ್ಮ ಮನೆಯ ಪಡಸಾಲೆಯ ಅಂಚಿನಲ್ಲಿ ಏಳು ಮಣ್ಣಿನ ಕುಂಡಗಳಿವೆ. ಚಳಿಗಾಲದಲ್ಲಿ ಅವುಗಳಲ್ಲಿ ಕೆಂಪು ಹೂಗೊಂಚಲುಗಳು ಅರಳಿದಾಗ ದಾರಿಹೋಕರು ನಿಂತು, ಇದು ಯಾವ ಗಿಡವೆಂದು ಕೇಳುವುದುಂಟು. ಜಿರೇನಿಯಂ ಎಂದು ಹೇಳುತ್ತೇನೆ. ಆದರೆ ಈ ಗಿಡಗಳು ನನ್ನ ಆರೈಕೆಯಿಂದ ಉಳಿದವುಗಳಲ್ಲವೆಂಬುದನ್ನು ಶಾಲೆಯ ಈ ಸ್ಮರಣ ಸಂಚಿಕೆಯಲ್ಲಿ ಒಪ್ಪಿಕೊಳ್ಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ಈ ಸಸ್ಯದ ತವರು ದಕ್ಷಿಣ ಆಫ್ರಿಕ. ಇದರ ಕಾಯಿಯು ಹಕ್ಕಿಯ ಕೊಕ್ಕಿನಂತೆ ನೀಳವಾಗಿರುತ್ತದೆ. 1753ರಲ್ಲಿ ಲಿನ್ನೇಯಸನು ಇದನ್ನು ಜಿರೇನಿಯಂ ಕುಲದಲ್ಲಿ ಸೇರಿಸಿದನು. 1789ರಲ್ಲಿ ಫ್ರೆಂಚ್ ಪಂಡಿತನಾದ ಲೆರಿಟಿಯೇ ಎಂಬವನು ಪೆಲರ್ಗೋನಿಯಂ ಎಂಬ ಬೇರೆ ಕುಲವನ್ನಾಗಿ ವಿಂಗಡಿಸಿದನು. ಆದರೂ ತೋಟ ಮಾಡುವವರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ.

ಬೆಂಗಳೂರಿನ ತಂಪು ಹವೆಯಲ್ಲಿ ಇದು ಸುಲಭವಾಗಿ ಬೆಳೆಯುತ್ತದೆ. ನಮ್ಮ ಸೀಮೆಯ ಸಂಗತಿ ಬೇರೆ. ಬೇಸಿಗೆಯಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿಯನ್ನು ಮುಟ್ಟುತ್ತದೆ. ನಾನು ಬೆಂಗಳೂರಿನಿಂದ ತಂದ ಕಡ್ಡಿಗಳನ್ನು ಒಂಬತ್ತು ಕುಂಡಗಳಲ್ಲಿ, ಎರೆಮಣ್ಣಿನಲ್ಲಿಯೇ ನೆಟ್ಟೆನು. ಆರನ್ನು ನಾನೇ ನೋಡಿಕೊಂಡೆನು. ಹಿತ್ತಲ ಬೇವಿನ ನೆರಳಿನಲ್ಲಿದ್ದ ಮೂರನ್ನು ನೆರೆಮನೆಯ ಎಂಟನೆಯ ತರಗತಿಯ ಹುಡುಗಿಗೆ ಒಪ್ಪಿಸಿದೆನು.

ಏಪ್ರಿಲ್ ತಿಂಗಳ ಒಂದು ಸಂಜೆ ಅವಳ ಕುಂಡಗಳ ಮಣ್ಣು ಒಣಗಿರುವುದನ್ನು ಕಂಡು, ಅವಳ ಗೆಳತಿಯರ ಎದುರಿನಲ್ಲಿಯೇ ಸೋಮಾರಿಯೆಂದು ಗದರಿಸಿದೆನು. ಅವಳು ತಲೆತಗ್ಗಿಸಿ, "ಅಕ್ಕೋರೆ, ಒಳಗ ಇನ್ನಾ ಹಸಿ ಅದರಿ" ಎಂದಳು. ನಾನು ಅದನ್ನು ಎದುರುತ್ತರವೆಂದೇ ಎಣಿಸಿದೆನು.

ನನ್ನ ಗಿಡಗಳ ಎಲೆಗಳು ಬಾಡತೊಡಗಿದವು. ದಾಹವೆಂದು ತಿಳಿದು ಬೆಳಿಗ್ಗೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ನೀರೆರೆದೆನು. ಮೇ ತಿಂಗಳು ಮುಗಿಯುವುದರೊಳಗೆ ಆರರ ಬುಡಗಳೂ ಕಪ್ಪಾಗಿ ಕುಸಿದುಬಿದ್ದವು. ಕಿತ್ತು ನೋಡಿದರೆ ಬೇರುಗಳೆಲ್ಲ ಕೊಳೆತಿದ್ದವು. ಬೇರಿಗೆ ನೀರಿನಂತೆಯೇ ಗಾಳಿಯೂ ಬೇಕು. ಸದಾ ನೆನೆದ ಎರೆಮಣ್ಣಿನಲ್ಲಿ ಅದಕ್ಕೆ ಉಸಿರಿಲ್ಲ. ಹುಡುಗಿಯ ಮೂರು ಗಿಡಗಳು ಸೊರಗಿದ್ದರೂ ಮುಂಗಾರಿನ ತಂಪಿಗೆ ಚಿಗುರಿದವು. ಅವಳು ದಿನವೂ ಮಣ್ಣಿನೊಳಗೆ ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕುತ್ತಿದ್ದಳಂತೆ. ತೊಗರಿ ಬೆಳೆಯುವ ತಂದೆಯೊಡನೆ ಹೊಲಕ್ಕೆ ಹೋಗಿ ಕಲಿತದ್ದು ಅದು. ಶಿಕ್ಷಕರ ತರಬೇತಿ ಪಡೆದ ನನಗೆ ಅದು ತಿಳಿದಿರಲಿಲ್ಲ.

ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲ ವಾರವೇ, ಅದೇ ಗೆಳತಿಯರ ಮುಂದೆ, ತಪ್ಪು ನನ್ನದೆಂದು ಹೇಳಿದೆನು. ಅವಳು ನಾಚಿ ನಕ್ಕಳು. ಹೇಳಿದ ಮೇಲೆ ನನ್ನ ಮನಸ್ಸು ಹಗುರವಾಯಿತು.

ಈಗಿನ ಏಳು ಗಿಡಗಳೂ ಆ ಮೂರರ ಸಂತಾನ. ಬೆಳೆಸಬಯಸುವ ಸೋದರಿಯರಿಗೆ ನಾಲ್ಕು ಮಾತು ಹೇಳುತ್ತೇನೆ. ಮಳೆಗಾಲ ಕಳೆದ ಮೇಲೆ ನಾಲ್ಕು ಅಂಗುಲದ ಕಡ್ಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಣ ಎಲೆಗಳನ್ನು ತೆಗೆದು, ಗಾಯವು ಒಣಗುವಂತೆ ಒಂದು ದಿನ ನೆರಳಿನಲ್ಲಿಡಿರಿ. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿಗೊಬ್ಬರ ಬೆರೆಸಿ, ತಳದಲ್ಲಿ ತೂತಿರುವ ಕುಂಡದಲ್ಲಿ ನೆಡಿರಿ. ಗೊಬ್ಬರ ಹೆಚ್ಚಾದರೆ ಎಲೆ ತುಂಬುವುದು, ಹೂವು ಬಾರದು. ಚಳಿಗಾಲದಲ್ಲಿ ಬೆಳಗಿನ ಬಿಸಿಲು, ಬೇಸಿಗೆಯಲ್ಲಿ ನೆರಳು, ಮಳೆಗಾಲದಲ್ಲಿ ಸೂರಿನ ಆಸರೆ ಇರಲಿ. ಬಾಡಿದ ಗೊಂಚಲುಗಳನ್ನು ತೊಟ್ಟುಸಹಿತ ತೆಗೆಯಿರಿ.

ತಂಬಿಗೆಯನ್ನು ಎತ್ತುವ ಮುನ್ನ ಈಗ ನಾನು ಮಣ್ಣಿಗೆ ಬೆರಳಿಡುತ್ತೇನೆ. ಹುಡುಗಿಯೊಬ್ಬಳನ್ನು ಗದರಿಸುವ ಮುನ್ನ, ಅವಳ ಮಾತನ್ನು ಪೂರ್ತಿಯಾಗಿ ಕೇಳುತ್ತೇನೆ.