ಬದಲಿ ಆಟಗಾರ

ಆಟದ ಬಯಲಿನಲ್ಲಿ ಎರಡು ಬಗೆಯ ಆಟಗಾರರನ್ನು ಕಾಣಬಹುದು. ಗೆರೆಯ ಒಳಗೆ ನಿಂತು ಆಡುವವರು ಒಂದು ಬಗೆ. ಗೆರೆಯ ಹೊರಗೆ ಬೆಂಚಿನ ಮೇಲೆ ಕುಳಿತು ಸರದಿಗಾಗಿ ಕಾಯುವವರು ಇನ್ನೊಂದು ಬಗೆ. ಮರುದಿನದ ಪತ್ರಿಕೆಯಲ್ಲಿ ಮೊದಲನೆಯವರ ಹೆಸರು, ಭಾವಚಿತ್ರ ಎಲ್ಲವೂ ಬರುತ್ತದೆ. ಎರಡನೆಯವರ ಹೆಸರು ಬಹಳವೆಂದರೆ ಪಟ್ಟಿಯ ಕೊನೆಯಲ್ಲಿ ಬಂದೀತು. ಈ ಎರಡನೆಯ ಬಗೆಗೆ ಸೇರಿದ ಒಬ್ಬರ ಕುರಿತು ನಾಲ್ಕು ಮಾತು ಬರೆಯಬೇಕೆಂದು ನನಗೆ ಬಹಳ ದಿನಗಳಿಂದ ಆಸೆ. ಅವರು ಅಮೆರಿಕದ ಡಗ್ ಪೀಡರ್ಸನ್.

ದೂರದ ದೇಶದ ಒಬ್ಬ ಆಟಗಾರನ ಮೇಲೆ ನನಗೇಕೆ ಇಷ್ಟು ಪ್ರೀತಿ ಎಂದು ನೀವು ಕೇಳಬಹುದು. ಎಂಟನೆಯ ತರಗತಿಯಿಂದ ಇಂದಿನವರೆಗೆ ನಾನು ನಮ್ಮ ಕಬಡ್ಡಿ ತಂಡದ ಬದಲಿ ಆಟಗಾರ. ಉಪಜಿಲ್ಲಾ ಪಂದ್ಯಗಳಿಗೆ ಹೋಗಿದ್ದೇನೆ, ತಂಡದ ಅಂಗಿ ತೊಟ್ಟಿದ್ದೇನೆ, ಕಣಕ್ಕೆ ಇಳಿದದ್ದು ಮಾತ್ರ ಬೆರಳೆಣಿಕೆಯ ಸಲ. "ನೀನು ಆಡುವುದು ಯಾವಾಗ ಮಾರಾಯ?" ಎಂದು ಮನೆಯಲ್ಲಿ ಅಣ್ಣ ನಗುತ್ತಾನೆ. ಕಾದು ಕುಳಿತ ಹೊತ್ತೆಲ್ಲ ದಂಡವೇ ಎಂಬ ಪ್ರಶ್ನೆ ನನ್ನನ್ನು ಕಾಡಿದ್ದುಂಟು. ಪೀಡರ್ಸನ್ ಅವರ ಜೀವನವನ್ನು ಓದಿದಾಗ ಆ ಪ್ರಶ್ನೆಗೆ ಒಂದು ಬಗೆಯ ಉತ್ತರ ದೊರೆಯಿತು.

ಮೊದಲು ಆ ಆಟದ ವಿಚಾರ ತುಸು ಹೇಳಬೇಕು. ನಮ್ಮಲ್ಲಿ ಫುಟ್‌ಬಾಲ್ ಎಂದರೆ ಕಾಲ್ಚೆಂಡು. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವೇ ಬೇರೆ. ಚೆಂಡಿನ ಎರಡು ತುದಿಗಳೂ ಚೂಪು. ಅದನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೆ ಎಸೆಯುತ್ತಾರೆ. ತಂಡಕ್ಕೆ 11 ಮಂದಿ. ಚೆಂಡು ದೊರೆತ ತಂಡಕ್ಕೆ ನಾಲ್ಕು ಅವಕಾಶಗಳು. ಅಷ್ಟರೊಳಗೆ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಅವಕಾಶ, ಇಲ್ಲವಾದರೆ ಚೆಂಡು ಎದುರಾಳಿಗೆ. ಪ್ರತಿ ಅವಕಾಶಕ್ಕೂ ಮೊದಲು ಹೊಸದೊಂದು ಯೋಜನೆ ಹಾಕುತ್ತಾರೆ. ಚೆಂಡನ್ನು ಪಡೆದು ಆ ಯೋಜನೆಯನ್ನು ನಡೆಸುವವನೇ ಕ್ವಾರ್ಟರ್‌ಬ್ಯಾಕ್. ಓಟಗಾರನ ಕೈಗೆ ಕೊಡಬೇಕೇ, ದೂರಕ್ಕೆ ಎಸೆಯಬೇಕೇ ಎಂಬುದನ್ನು ಅವನು ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕು. ತಂಡದಲ್ಲಿ ಇಬ್ಬರೋ ಮೂವರೋ ಕ್ವಾರ್ಟರ್‌ಬ್ಯಾಕ್‌ಗಳಿದ್ದರೂ ಸಾಮಾನ್ಯವಾಗಿ ಆಡುವವನು ಒಬ್ಬನೇ. ಅವನಿಗೆ ಪೆಟ್ಟು ತಗಲಿದರೆ ಎರಡನೆಯವನಿಗೆ ಕರೆ ಬರುತ್ತದೆ.

ಪೀಡರ್ಸನ್ ಹುಟ್ಟಿದ್ದು 1968ರಲ್ಲಿ, ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ. ವೃತ್ತಿಪರ ತಂಡಗಳು ವರ್ಷಕ್ಕೊಮ್ಮೆ ಕಾಲೇಜು ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. 1991ರಲ್ಲಿ ಇವರನ್ನು ಯಾವ ತಂಡವೂ ಆರಿಸಲಿಲ್ಲ. ಹೇಗೋ ಮಿಯಾಮಿ ತಂಡದ ಬಾಗಿಲು ತೆರೆಯಿತು. ಅಲ್ಲಿ ಡ್ಯಾನ್ ಮರೀನೊ ಎಂಬ ಮಹಾ ಆಟಗಾರರಿದ್ದರು. 1993ರಲ್ಲಿ ಮರೀನೊ ಗಾಯಗೊಂಡರು. ನವೆಂಬರ್ 14ರಂದು ಫಿಲಡೆಲ್ಫಿಯಾದ ಪಂದ್ಯದಲ್ಲಿ ಅವರ ಬದಲಿಗೆ ಆಡುತ್ತಿದ್ದವರೂ ಗಾಯಗೊಂಡರು. ಆಗ ಪೀಡರ್ಸನ್ ಇಳಿದು ಆಟ ಮುಗಿಸಿಕೊಟ್ಟರು. ಮಿಯಾಮಿ 19-14ರಿಂದ ಗೆದ್ದಿತು. ಅದು ಕೋಚ್ ಡಾನ್ ಶೂಲಾ ಅವರ 325ನೆಯ ಗೆಲುವು. ಅದರಿಂದ ಅವರು ಕೋಚ್‌ಗಳ ಪೈಕಿ ಎಲ್ಲರನ್ನೂ ಮೀರಿಸಿದರು. ಆ ದಾಖಲೆ ಶೂಲಾ ಅವರ ಹೆಸರಿನಲ್ಲಿದೆ, ಅದು ಸರಿಯೇ. ಆದರೆ ಆ ದಿನ ಕೊನೆಗೆ ಚೆಂಡು ಯಾರ ಕೈಯಲ್ಲಿತ್ತು ಎಂಬುದನ್ನು ನೆನೆಯುವವರು ಕಡಿಮೆ.

ಮುಂದೆ ಗ್ರೀನ್ ಬೇ ತಂಡದಲ್ಲಿ ಬ್ರೆಟ್ ಫಾರ್ವ್ ಅವರ ಹಿಂದೆ ಹಲವು ವರ್ಷ. ಫಾರ್ವ್ ಒಂದು ಪಂದ್ಯವನ್ನೂ ತಪ್ಪಿಸದ ಗಟ್ಟಿಗರು. ಹೀಗಾಗಿ ಪೀಡರ್ಸನ್‌ಗೆ ದೊರೆತ ಕೆಲಸ, ಚೆಂಡನ್ನು ಒದೆಯುವವನಿಗಾಗಿ ಮೊಣಕಾಲೂರಿ ಅದನ್ನು ನೆಟ್ಟಗೆ ಹಿಡಿದುಕೊಡುವುದು. 1999ರಲ್ಲಿ ಆಂಡಿ ರೀಡ್ ಎಂಬ ಕೋಚ್ ಇವರನ್ನು ಫಿಲಡೆಲ್ಫಿಯಾದ ಈಗಲ್ಸ್ ತಂಡಕ್ಕೆ ಕರೆದೊಯ್ದು ಮೊದಲ ಸ್ಥಾನ ಕೊಟ್ಟರು. ಡೊನೊವನ್ ಮೆಕ್‌ನ್ಯಾಬ್ ಎಂಬ ಹೊಸ ಹುಡುಗ ಪಳಗುವ ತನಕ ಮಾತ್ರ ಆ ಸ್ಥಾನ. 9 ಪಂದ್ಯಗಳಲ್ಲಿ 2 ಗೆಲುವು, 7 ಸೋಲು. ತಮ್ಮ ಊರಿನ ಪ್ರೇಕ್ಷಕರೇ ಹೀಯಾಳಿಸಿದರು. ಮರುವರ್ಷ ಕ್ಲೀವ್‌ಲ್ಯಾಂಡ್‌ನಲ್ಲಿ 8ರಲ್ಲಿ 1 ಗೆಲುವು. ಮತ್ತೆ ಗ್ರೀನ್ ಬೇ, ಮತ್ತೆ ಬೆಂಚು. 2004ರಲ್ಲಿ ಪೆಟ್ಟು ತಿಂದ ಬಳಿಕ ಆಟ ನಿಂತಿತು.

ಇಷ್ಟನ್ನೇ ಲೆಕ್ಕ ಹಾಕಿದರೆ ಇದೇನೂ ದೊಡ್ಡ ಬದುಕೆಂದು ಕಾಣಲಿಕ್ಕಿಲ್ಲ. ಆದರೆ ನಮ್ಮ ಕಡೆಯ ಯಕ್ಷಗಾನ ಬಲ್ಲವರಿಗೆ ಒಂದು ವಿಷಯ ಗೊತ್ತು. ಕೋಡಂಗಿ, ಬಾಲಗೋಪಾಲ ವೇಷ ಕಟ್ಟುವ ಹುಡುಗ ತನ್ನ ಕುಣಿತ ಮುಗಿದ ಮೇಲೆ ರಾತ್ರಿಯೆಲ್ಲ ದೊಡ್ಡವರ ವೇಷವನ್ನು ನೋಡುತ್ತಾ ಕುಳಿತಿರುತ್ತಾನೆ. ಪ್ರಸಂಗ ಅವನಿಗೆ ಹಾಗೆಯೇ ಬಾಯಿಪಾಠವಾಗುತ್ತದೆ. ಎರಡನೆಯ ಕ್ವಾರ್ಟರ್‌ಬ್ಯಾಕ್‌ನ ಪಾಡೂ ಅದೇ. ಯೋಜನೆಗಳನ್ನೆಲ್ಲ ಮೊದಲನೆಯವನಷ್ಟೇ ಕಲಿತಿರಬೇಕು, ಅಭ್ಯಾಸದಲ್ಲಿ ಎದುರಾಳಿಯಂತೆ ಆಡಿ ತೋರಿಸಬೇಕು, ಪಂದ್ಯದ ದಿನ ಕಣ್ಣು ಮಿಟುಕಿಸದೆ ನೋಡಬೇಕು.

ಆಟ ಬಿಟ್ಟ ಪೀಡರ್ಸನ್ 2005ರಲ್ಲಿ ಹೋದದ್ದು ಒಂದು ಹೈಸ್ಕೂಲಿಗೆ! ಲೂಸಿಯಾನ ರಾಜ್ಯದ ಶ್ರೀವ್‌ಪೋರ್ಟ್‌ನ ಕ್ಯಾಲ್ವರಿ ಬ್ಯಾಪ್ಟಿಸ್ಟ್ ಅಕಾಡೆಮಿಯಲ್ಲಿ ನಾಲ್ಕು ವರ್ಷ ನಮ್ಮ ವಯಸ್ಸಿನ ಹುಡುಗರಿಗೆ ಆಟ ಕಲಿಸಿದರು. ನನಗೆ ಅವರ ಜೀವನದಲ್ಲಿ ಅತಿ ಪ್ರಿಯವಾದ ಭಾಗ ಇದು. 2009ರಲ್ಲಿ ಆಂಡಿ ರೀಡ್ ಮತ್ತೆ ಕರೆದರು. ವೃತ್ತಿಪರ ತಂಡದ ಸಹಾಯಕರಲ್ಲಿ ತೀರಾ ಕೆಳಗಿನ ಮೆಟ್ಟಿಲು. ಪಂದ್ಯಗಳ ಚಿತ್ರಣವನ್ನು ನೋಡಿ ನೋಡಿ ಟಿಪ್ಪಣಿ ಮಾಡುವ ಕೆಲಸ. ಅಲ್ಲಿಂದ ಒಂದೊಂದೇ ಮೆಟ್ಟಿಲೇರಿ 2016ರಲ್ಲಿ, ತಮ್ಮನ್ನು ಹಿಂದೊಮ್ಮೆ ಹೀಯಾಳಿಸಿದ ಅದೇ ಊರಿನ ತಂಡಕ್ಕೆ ಮುಖ್ಯ ಕೋಚ್ ಆದರು.

2017ರಲ್ಲಿ ತಂಡ ಗೆಲ್ಲುತ್ತಾ ಸಾಗಿತ್ತು. ಡಿಸೆಂಬರ್ 10ರಂದು ಮೊದಲ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಅವರ ಮೊಣಕಾಲು ಕೆಟ್ಟಿತು. ಉಳಿದವರು ಬದಲಿ ಆಟಗಾರ ನಿಕ್ ಫೋಲ್ಸ್. ಒಮ್ಮೆ ಆಟವನ್ನೇ ಬಿಟ್ಟುಬಿಡುವ ಯೋಚನೆ ಮಾಡಿದ್ದವರು. ಕಥೆ ಮುಗಿಯಿತೆಂದು ಹಲವರು ತಿಳಿದರು. ಆದರೆ ಬದಲಿ ಆಟಗಾರನ ಮನಸ್ಸನ್ನು ಬಲ್ಲ ಇಬ್ಬರು ಅಲ್ಲಿದ್ದರು. ಒಬ್ಬರು ಪೀಡರ್ಸನ್. ಇನ್ನೊಬ್ಬರು ಅವರ ಸಹಾಯಕ ಫ್ರ್ಯಾಂಕ್ ರೈಕ್. 1993ರ ಜನವರಿ 3ರಂದು ಬದಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ ರೈಕ್, 3-35ರಷ್ಟು ಹಿಂದಿದ್ದ ಬಫಲೋ ತಂಡವನ್ನು 41-38ರಿಂದ ಗೆಲ್ಲಿಸಿದವರು. ಇವರಿಬ್ಬರೂ ಸೇರಿ ಫೋಲ್ಸ್‌ಗೆ ಒಗ್ಗುವ ಆಟವನ್ನೇ ಯೋಜಿಸಿದರು.

2018ರ ಫೆಬ್ರವರಿ 4ರಂದು ಮಿನಿಯಾಪೊಲಿಸ್‌ನಲ್ಲಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯ. ಎದುರಾಳಿ, ಟಾಮ್ ಬ್ರೇಡಿ ಅವರ ನ್ಯೂ ಇಂಗ್ಲೆಂಡ್ ತಂಡ. ಅರ್ಧ ಆಟ ಮುಗಿಯಲು 38 ಸೆಕೆಂಡು. ಈಗಲ್ಸ್‌ಗೆ ನಾಲ್ಕನೆಯ, ಅಂದರೆ ಕೊನೆಯ ಅವಕಾಶ. ಚೆಂಡನ್ನು ಒದ್ದು ಮೂರು ಅಂಕ ಪಡೆಯುವುದು ಸುಲಭದ ದಾರಿ. ಫೋಲ್ಸ್ ಕೋಚ್‌ನ ಬಳಿಗೆ ಬಂದು ಅಭ್ಯಾಸ ಮಾಡಿಟ್ಟಿದ್ದ ಒಂದು ತಂತ್ರದ ಹೆಸರು ಹೇಳಿ, ಅದನ್ನು ಆಡೋಣವೇ ಎಂದು ಕೇಳಿದರು. ಪೀಡರ್ಸನ್ ಒಂದು ಕ್ಷಣ ಯೋಚಿಸಿ ಒಪ್ಪಿದರು. ಚೆಂಡು ಕೋರಿ ಕ್ಲೆಮೆಂಟ್ ಕೈಗೆ, ಅಲ್ಲಿಂದ ಟ್ರೇ ಬರ್ಟನ್ ಕೈಗೆ. ಬರ್ಟನ್ ಎಸೆದದ್ದನ್ನು ಕ್ವಾರ್ಟರ್‌ಬ್ಯಾಕ್ ಫೋಲ್ಸ್ ತಾವೇ ಗೆರೆಯಾಚೆ ಹಿಡಿದರು! ಕೊನೆಗೆ 41-33. ಈಗಲ್ಸ್‌ಗೆ ಅದೇ ಮೊದಲ ಸೂಪರ್ ಬೌಲ್ ಗೆಲುವು. ಅದೇ ವರ್ಷ ಆ ಊರಿನ ಕ್ರೀಡಾಂಗಣದ ಹೊರಗೆ ಪ್ರತಿಮೆಯೊಂದನ್ನು ನಿಲ್ಲಿಸಿದರು. ಅದರಲ್ಲಿರುವುದು ಫೋಲ್ಸ್ ಚೆಂಡು ಹಿಡಿದ ನೋಟವಲ್ಲ. ಬದಲಿ ಆಟಗಾರ ಕೋಚ್‌ನನ್ನು ಕೇಳುತ್ತಿರುವ ನೋಟ.

"ತಾಳಿದವನು ಬಾಳಿಯಾನು" ಎಂಬ ಗಾದೆಯನ್ನು ಹೇಳಿ ಇಲ್ಲಿಗೇ ನಿಲ್ಲಿಸಿದರೆ ಕಥೆ ಸುಂದರವಾಗಿರುತ್ತದೆ. ಆದರೆ ಅದು ಪೂರ್ಣ ಸತ್ಯವಾಗದು. 2020ರಲ್ಲಿ ತಂಡ 4 ಪಂದ್ಯಗಳನ್ನಷ್ಟೇ ಗೆದ್ದಿತು. 2021ರ ಜನವರಿಯಲ್ಲಿ ಪೀಡರ್ಸನ್‌ರನ್ನು ತೆಗೆದುಹಾಕಿದರು. ಮುಂದೆ ಜಾಕ್ಸನ್‌ವಿಲ್ ತಂಡದ ಕೋಚ್ ಆಗಿ 2023ರ ಜನವರಿ 14ರಂದು 0-27ರಿಂದ ಮೇಲೆದ್ದು 31-30ರಿಂದ ಗೆಲ್ಲಿಸಿದರು. ಅಲ್ಲಿಂದಲೂ 2025ರ ಜನವರಿಯಲ್ಲಿ ತೆಗೆದರು. ಕಾದವನಿಗೆಲ್ಲ ಹಣ್ಣು ದೊರೆಯುತ್ತದೆಂದೂ, ದೊರೆತ ಹಣ್ಣು ಕೈಯಲ್ಲೇ ಉಳಿಯುತ್ತದೆಂದೂ ಈ ಜೀವನ ಹೇಳುವುದಿಲ್ಲ.

ನನಗೆ ತೋರುವುದಿಷ್ಟು. ಬೆಂಚಿನ ಮೇಲೆ ಕುಳಿತ ಹೊತ್ತಿನಲ್ಲಿ ಕಣ್ಣು ತೆರೆದಿದ್ದರೆ ಆ ಹೊತ್ತು ದಂಡವಲ್ಲ. ಅಲ್ಲಿ ಕಲಿತದ್ದು ನಮಗೆ ಒದಗದಿದ್ದರೂ ಮುಂದೊಂದು ದಿನ ಇನ್ನೊಬ್ಬನಿಗೆ ಒದಗೀತು. ಪೀಡರ್ಸನ್ ಕಾದ ವರ್ಷಗಳ ಫಲ ಬಹುಪಾಲು ಸಂದದ್ದು ಫೋಲ್ಸ್‌ಗೆ. ಸಹಪಾಠಿಗಳೇ, ನಾಟಕದಲ್ಲಿ ಪರದೆ ಎಳೆಯುವವರು, ಮೇಳಗಾನದಲ್ಲಿ ಹಿಂದಿನ ಸಾಲಿನವರು, ತಂಡದ ಪಟ್ಟಿಯಲ್ಲಿ ಕೊನೆಯ ಹೆಸರಿನವರು ನಮ್ಮಲ್ಲಿ ಅನೇಕರಿದ್ದೇವೆ. ಮುಂದಿನ ಪಂದ್ಯಕ್ಕೂ ಅಂಗಿ ತೊಟ್ಟು ಹೋಗೋಣ. ಕರೆದರೆ ಆಡೋಣ, ಕರೆಯದಿದ್ದರೆ ಚೆನ್ನಾಗಿ ನೋಡೋಣ.